ಊರಲ್ಲಿ ಬಿಟ್ಟು ಹೋದವರು

ಒಂದು ರಮಝಾನ್ ರಾತ್ರಿ ನಮ್ಮ ಹಿರಿಮಗಳು ನಾಲ್ಕೈದು ಹಾಳೆಗಳನ್ನು ತಂದು ನಮ್ಮ ಮುಂದಿಟ್ಟಳು. “ಇದನ್ನು ನೀವಿಬ್ಬರೂ ಕೇಳಬೇಕು” ಎಂದಳು. ನಮಗಿಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಹಾಗಾಗಿ ತರಾವೀಹ್ ಮುಗಿದ ಮೇಲೆ ಅವಳೇ ಓದಿ ಅರ್ಥ ಹೇಳಿದಳು. ಅಮೆರಿಕದ ಉತ್ತರ ಡಕೋಟ ರಾಜ್ಯದಲ್ಲಿ ಮೇರಿ ಜುಮಾ ಎಂಬ ಮುಸ್ಲಿಮ್ ಹೆಂಗಸು 1939ರಲ್ಲಿ ಹೇಳಿದ ಜೀವನಕಥೆ ಅದು. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಅಮೆರಿಕ ಸರಕಾರವು ಕೆಲಸವಿಲ್ಲದ ಬರಹಗಾರರಿಗೆ ಸಂಬಳ ಕೊಟ್ಟು ಜನಸಾಮಾನ್ಯರ ಕಥೆಗಳನ್ನು ಬರೆಸುತ್ತಿತ್ತು. ಹೀಗೆ ಬರೆದವರೊಬ್ಬರ ಕೈಗೆ ಈ ರೈತ ಹೆಂಗಸೂ ಸಿಕ್ಕಿದ್ದರು.

ಈಗಿನ ಲೆಬನಾನ್ ಮತ್ತು ಸಿರಿಯಾ ಅಂದು ಉಸ್ಮಾನಿಯಾ ತುರ್ಕರ ಆಳ್ವಿಕೆಯಲ್ಲಿದ್ದವು. ಅಲ್ಲಿನ ಒಂದು ಹಳ್ಳಿಯಿಂದ ಮೇರಿ ಜುಮಾ ಮತ್ತು ಅವರ ಗಂಡ ಹಸನ್ 1899ರಲ್ಲಿ ಹೊರಟರು. ಅಮೆರಿಕದಲ್ಲಿ ಸಂಪತ್ತಿದೆ ಎಂದು ಕೇಳಿದ್ದರು. ಇದ್ದಬದ್ದದ್ದನ್ನೆಲ್ಲ ಮಾರಿದರು. ಅದೂ ಸಾಲದೆ, ಜಮೀನು ಅಡವಿಟ್ಟು 200 ಡಾಲರ್ ಸಾಲ ಮಾಡಿದರು. ಇಬ್ಬರು ಹೆಣ್ಣುಮಕ್ಕಳನ್ನು ಸಂಬಂಧಿಕರ ಮನೆಯಲ್ಲಿ ಬಿಟ್ಟರು.

ಇಲ್ಲಿಗೆ ಬಂದಾಗ ಮಗಳು ಓದುವುದನ್ನು ನಿಲ್ಲಿಸಿದಳು. ನಾವು ಮಾತಾಡಲಿಲ್ಲ.

ನಾವೂ ಒಂದು ಮಗುವನ್ನು ಬಿಟ್ಟು ಹೋದವರೇ. ಗಲ್ಫ್‌ಗೆ ಹೋಗುವಾಗ ಈ ಮಗಳಿಗೆ ನಾಲ್ಕು ವರ್ಷ. ಕೈಗೂಸನ್ನು ಕರೆದುಕೊಂಡು ಹೋದೆವು, ಇವಳನ್ನು ಅಜ್ಜಿಯ ಬಳಿ ಬಿಟ್ಟೆವು. ಟಿಕೆಟಿನ ಹಣ, ಅಲ್ಲಿನ ಶಾಲೆಯ ಫೀಸು, ಒಂದೇ ಕೋಣೆಯ ಬಾಡಿಗೆ ಮನೆ ಎಂದೆಲ್ಲ ಲೆಕ್ಕ ಹಾಕಿದ್ದೆವು. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ‘ಎರಡು ವರ್ಷದ ಮಾತು’ ಎಂದು ಅತ್ತೆಯವರಿಗೆ ಹೇಳಿದ್ದೆವು. ಹನ್ನೆರಡು ವರ್ಷವಾಯಿತು.

ಮುಂದೆ ಓದು ಎಂದೆವು.

ಫ್ರಾನ್ಸ್ ದಾಟಿ, ಕೆನಡಾದ ಮಾಂಟ್ರಿಯಲ್‌ನಲ್ಲಿ ಇಳಿದು, ಅಲ್ಲಿಂದ ಅಮೆರಿಕದ ಒಳನಾಡಿಗೆ ಬಂದ ಈ ದಂಪತಿ ಮೊದಲು ಮಾಡಿದ್ದು ತಿರುಗಾಟದ ವ್ಯಾಪಾರ. ಆ ಕಾಲದಲ್ಲಿ ಅರಬ್ ನಾಡಿನಿಂದ ಬಂದವರಲ್ಲಿ ಹೆಚ್ಚಿನವರ ಕಸುಬೇ ಅದು. ಸೂಜಿ, ನೂಲು, ಗುಂಡಿ, ಲೇಸು, ಬಟ್ಟೆತುಂಡು ಇವುಗಳ ಗಂಟನ್ನು ಬೆನ್ನಿಗೆ ಕಟ್ಟಿಕೊಂಡು, ಅಂಗಡಿಯಿಲ್ಲದ ಬಯಲುಸೀಮೆಯಲ್ಲಿ ಮನೆಯಿಂದ ಮನೆಗೆ ನಡೆಯುವುದು. ಭಾಷೆ ಬಾರದಿದ್ದರೂ ಗಂಟು ಬಿಚ್ಚಿ ತೋರಿಸಿದರೆ ವ್ಯಾಪಾರವಾಗುತ್ತದೆ. ನಮ್ಮ ಕರಾವಳಿಯ ಹಳ್ಳಿಗಳಲ್ಲಿ ತಲೆಹೊರೆಯ ಬಟ್ಟೆ ವ್ಯಾಪಾರಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

1902ರಲ್ಲಿ ಅವರು ಉತ್ತರ ಡಕೋಟದ ರಾಸ್ ಎಂಬ ಪುಟ್ಟ ರೈಲು ನಿಲ್ದಾಣದ ಬಳಿ ನೆಲೆ ನಿಂತರು. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ ಸರಕಾರ ಅಲ್ಲಿ 160 ಎಕರೆ ಜಮೀನು ಕೊಡುತ್ತಿತ್ತು. ಅಲ್ಪ ಶುಲ್ಕ ಕಟ್ಟಿ, ಮನೆ ಕಟ್ಟಿ, ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಿದರೆ ಹಕ್ಕುಪತ್ರ. ಊರಲ್ಲಿ ಐದು ಸೆಂಟ್ಸ್ ಜಾಗ ಮಾಡಲಿಕ್ಕೆ ಗಲ್ಫ್‌ನಲ್ಲಿ ಬೆವರು ಸುರಿಸಿದ ನಮಗೆ 160 ಎಕರೆ ಎಂಬ ಮಾತೇ ಕಣ್ಣರಳಿಸಿತು. ಮಗಳು ನಕ್ಕಳು. “ಅಪ್ಪಾ, ಅದು ಖಾಲಿ ಬಿದ್ದಿದ್ದ ನೆಲ ಅಲ್ಲ” ಎಂದಳು. ಮಂಡಾನ್, ಹಿಡಾತ್ಸ, ಅರಿಕಾರ ಜನಾಂಗಗಳು ಬಾಳಿದ ಸೀಮೆ ಅದು. ಅವರನ್ನು ಫೋರ್ಟ್ ಬರ್ಥೋಲ್ಡ್ ಎಂಬ ಮೀಸಲು ಪ್ರದೇಶಕ್ಕೆ ಸೀಮಿತಗೊಳಿಸಲಾಗಿತ್ತು. ಅದರಲ್ಲೂ ಒಂದು ಪಾಲನ್ನು 1910ರ ಕಾಯ್ದೆ ವಲಸಿಗರಿಗೆ ತೆರೆದುಕೊಟ್ಟಿತು. ತುರ್ಕರ ತೆರಿಗೆಯಿಂದ ಬೇಸತ್ತು ಬಂದ ಬಡವರಿಗೆ ಸಿಕ್ಕಿದ್ದು ಇನ್ನೊಬ್ಬ ಬಡವನಿಂದ ಕಿತ್ತುಕೊಂಡ ನೆಲ. ಬಂದವರಿಗೆ ಇದು ಎಷ್ಟು ಗೊತ್ತಿದ್ದೀತು? ನಮಗೆ ಮರುಭೂಮಿಯ ನೆಲದ ಬಗ್ಗೆ ಏನು ಗೊತ್ತಿತ್ತು?

ಆ ನೆಲವಾದರೂ ಸುಲಭದ್ದಾಗಿರಲಿಲ್ಲ. ಹಿಮನದಿಗಳು ತಂದು ಸುರಿದ ಕಲ್ಲುಗಳನ್ನು ಹೆಕ್ಕಿ ಹೆಕ್ಕಿ ಗದ್ದೆಯಂಚಿಗೆ ಗುಡ್ಡೆ ಹಾಕಬೇಕು. ಹುಲ್ಲಿನ ಬೇರು ಬಲೆಯಂತೆ ಹೆಣೆದುಕೊಂಡ ಮಣ್ಣನ್ನು ಸೀಳಿ ಗೋಧಿ, ಅಗಸೆ ಬಿತ್ತಬೇಕು. ವರ್ಷಕ್ಕೆ ಸುಮಾರು 400 ಮಿಲಿಮೀಟರ್ ಮಳೆ. ನಮ್ಮಲ್ಲಿ ಜುಲೈ ತಿಂಗಳೊಂದರಲ್ಲೇ ಅದರ ಎರಡು ಪಟ್ಟು ಬೀಳುತ್ತದೆ! ಮರಗಳು ಕಡಿಮೆ, ಆದ್ದರಿಂದ ಹಲವು ವಲಸಿಗರ ಮೊದಲ ಮನೆಗಳು ಹುಲ್ಲುಮಣ್ಣಿನ ಹೆಂಟೆಗಳಲ್ಲೇ ಎದ್ದವು. ಹಿಮಗಾಳಿ ಎದ್ದರೆ ಮನೆಯಿಂದ ಕೊಟ್ಟಿಗೆಗೆ ಹೋಗುವ ದಾರಿಯೂ ಕಾಣುವುದಿಲ್ಲ. ನಡುವೆ ಹಗ್ಗ ಕಟ್ಟಿ, ಅದನ್ನು ಹಿಡಿದೇ ಹೋಗಿ ದನಗಳಿಗೆ ಮೇವು ಹಾಕಬೇಕು. ರಾಸ್ ಇರುವ ಮೌಂಟ್ರೇಲ್ ಜಿಲ್ಲೆಯ ಪಾರ್ಶಲ್ ಎಂಬಲ್ಲಿ 1936ರ ಫೆಬ್ರವರಿಯಲ್ಲಿ ಶೂನ್ಯಕ್ಕಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ ದಾಖಲಾಯಿತು. ಅದೇ ವರ್ಷ ಜುಲೈಯಲ್ಲಿ ಅದೇ ರಾಜ್ಯದ ಸ್ಟೀಲ್ ಎಂಬ ಊರಿನಲ್ಲಿ 49 ಡಿಗ್ರಿ ಬಿಸಿಲು. ನಾವು ಗಲ್ಫ್‌ನ ಬಿಸಿಲನ್ನು ದೊಡ್ಡದು ಮಾಡಿ ಹೇಳಿಕೊಂಡು ತಿರುಗುವವರು, ಅಂದು ಸುಮ್ಮನಾದೆವು.

1903ರಲ್ಲಿ ಅಲ್ಲಿ ಅವರಿಗೆ ಚಾರ್ಲ್ಸ್ ಎಂಬ ಮಗ ಹುಟ್ಟಿದ. ಅದೇ ಸುಮಾರಿಗೆ ಊರಿನ ಕಡೆಯ ಇನ್ನಷ್ಟು ಜನ ಬಂದು ಸುತ್ತಮುತ್ತ ಜಮೀನು ಹಿಡಿದರು. ಒಬ್ಬ ಹೋದರೆ ಹಿಂದೆ ಹತ್ತು ಜನ ಹೋಗುವುದು, ಹೋದವನ ಕೋಣೆಯಲ್ಲೇ ಉಳಿದವರೂ ಮಲಗುವುದು ಎಲ್ಲ ಕಾಲದ ರೀತಿ. ಆದರೆ ಜಮೀನಿನ ಹಕ್ಕಿಗೆ ಪೌರತ್ವದ ಗಂಟು ಇತ್ತು. ಆಗಿನ ಅಮೆರಿಕದ ಕಾನೂನಿನಲ್ಲಿ ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ. ಸಿರಿಯಾದವರು ಬಿಳಿಯರೇ ಎಂಬ ಪ್ರಶ್ನೆ ಕೋರ್ಟಿನಿಂದ ಕೋರ್ಟಿಗೆ ಅಲೆದು, 1915ರಲ್ಲಿ ಜಾರ್ಜ್ ಡೌ ಎಂಬ ಕ್ರೈಸ್ತ ಸಿರಿಯನ್ನನ ಪ್ರಕರಣದಲ್ಲಿ ಅವರ ಪರವಾಗಿ ತೀರ್ಪಾಯಿತು. ಎಂಟು ವರ್ಷಗಳ ನಂತರ, 1923ರಲ್ಲಿ, ಪಂಜಾಬಿನ ಭಗತ್ ಸಿಂಗ್ ಥಿಂಡ್‌ಗೆ ಅದೇ ದೇಶದ ಸುಪ್ರೀಂ ಕೋರ್ಟ್ ಪೌರತ್ವ ನಿರಾಕರಿಸಿತು. ಬಣ್ಣದ ತಕ್ಕಡಿ ಯಾರ ಕೈಯಲ್ಲಿರುತ್ತದೋ ತೂಕವೂ ಅವರದೇ.

ಸುಮಾರು ಮೂರು ದಶಕ ಕಾಲ ಅವರಿಗೆ ಮಸೀದಿ ಇರಲಿಲ್ಲ. ಒಬ್ಬೊಬ್ಬರ ಮನೆಯಲ್ಲಿ ಸೇರಿ ನಮಾಝ್ ಮಾಡುತ್ತಿದ್ದರು. ಉಪವಾಸ ಮುಗಿದ ಮೇಲೆ ಒಬ್ಬರ ಮನೆಗೆ ಒಬ್ಬರು ಹೋಗಿ ಉಣ್ಣುತ್ತಿದ್ದರು. 1929ರಲ್ಲಿ ಅರ್ಧ ನೆಲದೊಳಗೆ, ಅರ್ಧ ಮೇಲೆ ಇರುವ ಚಿಕ್ಕ ಮಸೀದಿಯೊಂದನ್ನು ಕಟ್ಟಿದರು. ಅಮೆರಿಕದ ಮೊದಲ ಮಸೀದಿ ಇದು ಎನ್ನುವವರಿದ್ದಾರೆ. 1921ರಲ್ಲೇ ಮಿಶಿಗನ್‌ನ ಹೈಲ್ಯಾಂಡ್ ಪಾರ್ಕ್‌ನಲ್ಲಿ ಒಂದು ಮಸೀದಿ ಆಗಿತ್ತು, ಆದರೆ ಹೆಚ್ಚು ಕಾಲ ನಡೆಯಲಿಲ್ಲ. ‘ಮೊದಲು’ ಯಾವುದೆಂಬ ತಕರಾರಿನಲ್ಲಿ ನಮಗೆ ಆಸಕ್ತಿಯಿಲ್ಲ. ಕಟ್ಟಿದ್ದೇ ತಡ, ಮುಗ್ಗಟ್ಟು ಬಂತು, ಬರ ಬಂತು, ಧೂಳಿನ ಗಾಳಿ ಬಂತು. ಸಾಲ ತೀರಿಸಲಾಗದೆ ಅನೇಕರು ಜಮೀನು ಬಿಟ್ಟು ಹೋದರು. ಮಕ್ಕಳು ಪಟ್ಟಣ ಸೇರಿದರು. 1970ರ ದಶಕದ ಕೊನೆಗೆ ಆ ಕಟ್ಟಡವನ್ನು ಕೆಡವಿದರು. 2005ರಲ್ಲಿ ಅಲ್ಲಿ ಗುಮ್ಮಟವಿರುವ ಪುಟ್ಟ ಮಸೀದಿಯೊಂದು ಎದ್ದಿತು. ಪಕ್ಕದ ಕಬರಸ್ತಾನದ ಕಮಾನಿನಲ್ಲಿ ಚಂದ್ರ ಮತ್ತು ನಕ್ಷತ್ರ. ಮಗಳು ಚಿತ್ರ ತೋರಿಸಿದಳು. ಸುತ್ತ ಗೋಧಿಯ ಬಯಲು ಬಿಟ್ಟರೆ ಇನ್ನೇನೂ ಇಲ್ಲ.

ತನ್ನ ಊರು ತುಂಬಾ ನೆನಪಾಗುತ್ತದೆ ಎಂದು ಮೇರಿ ಜುಮಾ 1939ರಲ್ಲೂ ಹೇಳಿಕೊಂಡಿದ್ದಾರೆ. ಆದರೂ ಈ ದೇಶವೇ ಲೇಸು, ಇಲ್ಲಿ ಕಟ್ಟಿದ ತೆರಿಗೆಗೆ ಶಾಲೆ ಬರುತ್ತದೆ, ರಸ್ತೆ ಬರುತ್ತದೆ ಎನ್ನುತ್ತಾರೆ. ಅಷ್ಟು ಹಿಮ ಕಂಡವರ ಬಾಯಲ್ಲಿ ದೂರಿಗಿಂತ ಲೆಕ್ಕವೇ ಹೆಚ್ಚು.

ಓದಿ ಮುಗಿದಾಗ ಗಂಟೆ ಹನ್ನೆರಡು ದಾಟಿತ್ತು. ಮಗಳು ಹಾಳೆಗಳನ್ನು ಮಡಚಿದಳು. “ಹೆಣ್ಣುಮಕ್ಕಳ ವಿಷಯ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ ನೋಡಿ” ಎಂದಳು. ಆ ಸಾಲು ಹೇಳಲು ನಲ್ವತ್ತು ವರ್ಷ ಬೇಕಾಗಿರಬಹುದು ಎಂದೆವು. ಅವಳು ಒಪ್ಪಿದಳೋ ಇಲ್ಲವೋ, ಮುಖದಿಂದ ತಿಳಿಯಲಿಲ್ಲ.

ನಾವು ಗಲ್ಫ್‌ನಿಂದ ಕ್ಯಾಸೆಟ್‌ನಲ್ಲಿ ಮಾತು ತುಂಬಿಸಿ ಕಳಿಸುತ್ತಿದ್ದೆವು. ಅಜ್ಜಿ ಅದೇ ಕ್ಯಾಸೆಟ್‌ನ ಮರುಬದಿಯಲ್ಲಿ ಇವಳ ಮಾತು ತುಂಬಿಸಿ, ಊರಿಂದ ಬರುವ ಯಾರ ಕೈಯಲ್ಲಾದರೂ ವಾಪಸು ಕಳಿಸುತ್ತಿದ್ದರು. ಅಜ್ಜಿ ಹೇಳಿಕೊಟ್ಟದ್ದನ್ನು ಗಿಳಿಯಂತೆ ಒಪ್ಪಿಸಿ, ಕೊನೆಗೆ ತನ್ನದೇ ಒಂದು ಪ್ರಶ್ನೆ ಸೇರಿಸುತ್ತಿದ್ದಳು. ಆ ಪ್ರಶ್ನೆ ಯಾವುದೆಂದು ಇಲ್ಲಿ ಬರೆಯಬೇಕಿಲ್ಲ.

“ಆ ಕ್ಯಾಸೆಟ್‌ಗಳು ಇವೆಯಾ?” ಎಂದು ಅವಳು ಅಂದು ಕೇಳಿದಳು. ಕಪಾಟಿನಲ್ಲಿ ಹನ್ನೊಂದು ಇದ್ದವು. ಹಾಕಿ ಕೇಳಲು ಮನೆಯಲ್ಲಿ ಟೇಪ್‌ರೆಕಾರ್ಡರ್ ಇರಲಿಲ್ಲ. ಪೇಟೆಯಲ್ಲಿ ಹಳೆಯ ರೇಡಿಯೋ ರಿಪೇರಿ ಮಾಡುವವನಲ್ಲಿ ಒಂದು ಸಿಗಬಹುದು ಎಂದು ಅವಳೇ ಹೇಳಿ, ಸಹರಿಗೆ ಅಕ್ಕಿ ನೆನೆ ಹಾಕಲು ಎದ್ದು ಹೋದಳು.