ಆನಂದವನದ ಮಗ್ಗದ ಮುಂದೆ

ಹುಬ್ಬಳ್ಳಿಯಲ್ಲಿ ಹತ್ತಿ, ಸಿಕಂದರಾಬಾದಿನಲ್ಲಿ ಗಾಡಿ ಬದಲಿಸಿ, ಗೋದಾವರಿ ದಾಟಿ ಬಲ್ಹಾರ್ಷಾದಲ್ಲಿ ಇಳಿದಾಗ ಬೆಳಗಿನ ಚಳಿ. ಸ್ಟೇಷನ್ ಹೊರಗೆ ಒಗ್ಗರಣೆ ಅವಲಕ್ಕಿಯ ಮೇಲೆ ಕಡಲೆಕಾಳಿನ ಖಾರದ ರಸ ಸುರಿದು ಕೊಟ್ಟರು. ಕಿಮೋ ಮುಗಿದ ಮೇಲೆ ನಾಲಿಗೆಗೆ ರುಚಿ ಮರಳಿತ್ತು. ಬೆರಳಿಗೆ ಮಾತ್ರ ಸ್ಪರ್ಶ ಮರಳಿರಲಿಲ್ಲ. ತಟ್ಟೆ ಎಷ್ಟು ಬಿಸಿಯಿದೆ ಎಂದು ತಿಳಿಯದೆ ತಮ್ಮನ ಕೈಗೆ ಕೊಟ್ಟೆ.

ನಾನು ಬೆಳಗಾವಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಕ್ಯಾನ್ಸರ್ ಎಂದು ಎಡಗಡೆಯ ಸ್ತನ ತೆಗೆದರು. ಆಮೇಲೆ ಕೊಟ್ಟ ಪ್ಯಾಕ್ಲಿಟ್ಯಾಕ್ಸೆಲ್ ಬೆರಳ ತುದಿಯ ನರಗಳನ್ನು ಜಡಗೊಳಿಸಿತು. ಸೂಜಿ ಕೈಯಲ್ಲಿದೆಯೋ ಜಾರಿ ಬಿದ್ದಿದೆಯೋ ಗೊತ್ತಾಗುತ್ತಿರಲಿಲ್ಲ. ಮಷಿನ್ ಮೂಲೆ ಸೇರಿತು. "ಜೀವ ಉಳೀತಲ್ಲ, ಇನ್ನ ಆರಾಮ ಇರು" ಎಂದು ಎಲ್ಲರೂ ಹೇಳುವವರೇ. ಆರಾಮ ಇದ್ದು ಇದ್ದೇ ಬೇಸತ್ತಿದ್ದೆ. ಕೈಮಗ್ಗದ ಬಟ್ಟೆ ವ್ಯಾಪಾರದ ತಮ್ಮ "ಅಕ್ಕಾ, ಆನಂದವನಕ್ಕ ಹೊಂಟೀನಿ, ಬರ್ತೀಯೇನ?" ಎಂದಾಗ ಹೊರಟುಬಿಟ್ಟೆ.

ಬಸ್ಸು ಚಂದ್ರಪುರದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳನ್ನೂ ಕಲ್ಲಿದ್ದಲು ಗಣಿಗಳ ಮಣ್ಣಿನ ದಿಬ್ಬಗಳನ್ನೂ ದಾಟಿ ನಾಗಪುರದ ರಸ್ತೆ ಹಿಡಿಯಿತು. ಭದ್ರಾವತಿ ಕಳೆದರೆ ವರೋರಾ. ಅಲ್ಲಿಂದ ಆನಂದವನ ದೂರವೇನಲ್ಲ.

ವಕೀಲಿಕೆ ಬಿಟ್ಟ ಬಾಬಾ ಆಮ್ಟೆ ಮತ್ತು ಅವರ ಹೆಂಡತಿ ಸಾಧನಾತಾಯಿ 1949ರಲ್ಲಿ ಮಹಾರೋಗಿ ಸೇವಾ ಸಮಿತಿ ಕಟ್ಟಿದ್ದು ಇಲ್ಲಿಯೇ. ಆರು ಜನ ಕುಷ್ಠರೋಗಿಗಳು, ಒಂದು ಕುಂಟ ಹಸು, ಕೈಯಲ್ಲಿ 14 ರೂಪಾಯಿ. ಶುರುವಿನ ಕತೆಯನ್ನು ಹೀಗೆ ಹೇಳುತ್ತಾರೆ. ಕಲ್ಲುನೆಲದಲ್ಲಿ ಬಾವಿ ತೋಡಿ, ಬೆಳೆ ತೆಗೆದು ಅವರು ಊರೊಂದನ್ನೇ ಎಬ್ಬಿಸಿದರು. ಈಗ ಅಲ್ಲಿ ಹೊಲ, ಆಸ್ಪತ್ರೆ, ಕಾಲೇಜು, ಕಾರ್ಖಾನೆ ಎಲ್ಲ ಇವೆ. ಬಾಬಾರಿಗೂ ಬೆನ್ನುಮೂಳೆಯ ಕಾಯಿಲೆ. ಹೆಚ್ಚು ಹೊತ್ತು ಕೂರುವಂತಿರಲಿಲ್ಲ. ಆದರೂ 1985ರಲ್ಲಿ ಸೈಕಲ್ ಸವಾರಿ ಮಾಡುವ ಯುವಕರೊಂದಿಗೆ, ತಾವು ವಾಹನದಲ್ಲಿ ಮಲಗಿಕೊಂಡೇ, ಕನ್ಯಾಕುಮಾರಿಯಿಂದ ಕಾಶ್ಮೀರದತ್ತ ಹೊರಟರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಗ್ಗದ ಶೆಡ್ಡು. ಅಲ್ಲೊಬ್ಬರು ಹಿರಿಯರು ನೇಯುತ್ತಿದ್ದರು. ರೋಗ ಎಂದೋ ವಾಸಿಯಾಗಿದೆ. ಆದರೆ ಕುಷ್ಠ ನರಗಳನ್ನು ಕೊಲ್ಲುತ್ತದೆ. ಸುಟ್ಟರೂ ಕೊಯ್ದರೂ ತಿಳಿಯದೆ ಗಾಯ ಮಾಯುವುದಿಲ್ಲ, ಬೆರಳು ಸವೆಯುತ್ತದೆ. ಅವರ ಬಲಗೈಯಲ್ಲಿ ಉಳಿದಿದ್ದು ಹೆಬ್ಬೆರಳು ಮತ್ತು ಗೆಣ್ಣುಗಳು. ಹಿಡಿಕೆಗೆ ದಪ್ಪಗೆ ಅರಿವೆ ಸುತ್ತಿ, ಅಂಗೈಯಿಂದ ಒತ್ತಿ ಎಳೆಯುತ್ತಿದ್ದರು. ನಡುನಡುವೆ ಮಗ್ಗ ನಿಲ್ಲಿಸಿ ಎರಡೂ ಕೈ ತಿರುವಿ ನೋಡಿಕೊಳ್ಳುತ್ತಿದ್ದರು. ಯಾಕೆಂದು ಮರಾಠಿಯಲ್ಲಿ ಕೇಳಿದೆ. "ಕೈ ಹೇಳೋದಿಲ್ಲ ತಾಯಿ, ಕಣ್ಣನ್ನೇ ಕೇಳಬೇಕು" ಎಂದರು.

ನನ್ನ ಕೈ ಮೊದಲಿನಂತಾಗಲಿ, ಆಮೇಲೆ ಮಷಿನ್ ಮುಟ್ಟಿದರಾಯಿತು ಎಂದು ಕಾಯುತ್ತಿದ್ದವಳು ನಾನು. ಇವರು ಇದ್ದ ಕೈಗೆ ಮಗ್ಗವನ್ನೇ ಒಗ್ಗಿಸಿಕೊಂಡಿದ್ದರು.

ಹೊಲಿಗೆ ವಿಭಾಗದಲ್ಲಿ ಯಾರೂ ನನ್ನ ಕಾಯಿಲೆ ವಿಚಾರಿಸಲಿಲ್ಲ. "ಏನು ಕೆಲಸ ಬರುತ್ತೆ?" ಎಂದರು. ಹೊಲಿಗೆ ಎಂದೆ. ಒಬ್ಬ ಹೆಂಗಸು ನನ್ನ ಎಡಗಡೆ ಉಬ್ಬುತಗ್ಗಾಗಿದ್ದ ರವಿಕೆ ನೋಡಿ, ದನಿ ತಗ್ಗಿಸಿ ಕೇಳಿದಳು: "ಟೇಲರ್ ಆಗಿ ಕರವಸ್ತ್ರ ತುರುಕಿಕೊಂಡಿದ್ದೀಯಲ್ಲೇ?" ಇಬ್ಬರೂ ನಕ್ಕೆವು. ಆಸ್ಪತ್ರೆಯ ವಾರ್ಡಿನಲ್ಲಿ ನನ್ನ ಅಕ್ಕಪಕ್ಕ ಮಲಗಿದ್ದವರೆಲ್ಲ ಹೀಗೇ ಕರವಸ್ತ್ರ ತುರುಕಿಕೊಂಡೇ ಮನೆಗೆ ಹೋಗಿದ್ದರು. ಅಂಗಡಿಯ ಸಿಲಿಕೋನ್ ಸ್ತನ ಎಲ್ಲರ ಕೈಗೆಟುಕುವುದಿಲ್ಲ. ವಾಪಸಾಗುವ ಗಾಡಿಯಲ್ಲಿ ತಮ್ಮನ ರಸೀದಿ ಪುಸ್ತಕದ ಹಿಂಬದಿಯಲ್ಲಿ ರವಿಕೆಯೊಂದರ ಅಳತೆ ಗೀಚಿದೆ.

ಈಗ ನನ್ನಂಥವರಿಗೆ ಒಳಕಿಸೆಯ ರವಿಕೆ ಹೊಲಿಯುತ್ತೇನೆ. ಕಿಸೆಯೊಳಗೆ ಮೆತ್ತನೆಯ ಹತ್ತಿಯ ಉಂಡೆ. ಹೆಗಲು ಒಂದು ಕಡೆ ವಾಲದಿರಲಿ ಎಂದು ತೂಕಕ್ಕೆ ಪುಟ್ಟ ಚೀಲದಲ್ಲಿ ಸಾಸಿವೆ, ಒಗೆಯುವಾಗ ತೆಗೆದಿಡಬಹುದು. ಸೂಜಿಯ ಮೇಲಿಂದ ಕಣ್ಣು ಕೀಳುವುದಿಲ್ಲ. ದಿನಕ್ಕೆ ಮೊದಲಿನ ಅರ್ಧದಷ್ಟೂ ಕೆಲಸ ಸಾಗದು, ಸಾಗಿದಷ್ಟು ಸಾಕು.

ಪುಕ್ಕಟೆ ಹೊಲಿದು ಕೊಡು ಎನ್ನುವವರಿದ್ದಾರೆ. ದುಡಿಮೆಯಿಂದ ಮನುಷ್ಯ ಎದ್ದು ನಿಲ್ಲುತ್ತಾನೆ, ದಾನದಿಂದಲ್ಲ ಎನ್ನುವುದು ಆನಂದವನದ ನಂಬಿಕೆ. ಹಾಗಾಗಿ ಕೂಲಿ ಕಡಿಮೆ ಮಾಡಿದ್ದೇನೆ, ಬಿಟ್ಟಿಲ್ಲ. ಮೊನ್ನೆ ಕಿಮೋ ಮುಗಿಸಿದ ಒಬ್ಬರು ತೋಳು ಬಿಗಿಯಾಯಿತೆಂದು ಜಗಳವಾಡಿ, ನನ್ನೆದುರೇ ಹೊಲಿಗೆ ಬಿಚ್ಚಿಸಿ, ಮತ್ತೆ ಹೊಲಿಸಿಕೊಂಡು ಹೋದರು. ಗಿರಾಕಿ ಅಂದರೆ ಹಾಗೇ ಇರಬೇಕು.