ಇಪ್ಪತ್ತು ಸಾವಿರ ಕಂಠಗಳ ಅಂಗಳ

ಒಹಾಯೊ ರಾಜ್ಯದ ರಾಜಧಾನಿ ಕೊಲಂಬಸ್‌ನ ಜಾತ್ರೆ ಮೈದಾನಕ್ಕೆ ಹೋಗುವವರು ಸಾಮಾನ್ಯವಾಗಿ ಬೆಣ್ಣೆಯಲ್ಲಿ ಮಾಡಿದ ಹಸುವನ್ನು ನೋಡಲು ಹೋಗುತ್ತಾರೆ. ಬೇಸಿಗೆಯ ಒಹಾಯೊ ಸ್ಟೇಟ್ ಫೇರ್‌ನಲ್ಲಿ ಅದರ ಮುಂದೆ ಸದಾ ಜನಸಂದಣಿ. ನಾನು ಹೋದದ್ದು ಅದೇ ಮೈದಾನದ ಅಂಚಿನಲ್ಲಿ, 71ನೇ ಹೆದ್ದಾರಿಯ ಪಕ್ಕದಲ್ಲಿರುವ ಒಂದು ಹಳೆಯ ಸಾಕರ್ (ನಾವು ಫುಟ್‌ಬಾಲ್ ಅನ್ನುವ ಆಟ) ಕ್ರೀಡಾಂಗಣವನ್ನು ನೋಡಲು. ಉಕ್ಕಿನ ಕಂಬಗಳು, ಅಲ್ಯೂಮಿನಿಯಂ ಬೆಂಚುಗಳು; ಪ್ರೇಕ್ಷಕರ ನೆತ್ತಿಯ ಮೇಲೆ ಛಾವಣಿಯೂ ಇಲ್ಲ. ಮುಂದೆ ನಿಂತವನಿಗೆ ಮೈ ಜುಮ್ಮೆಂದಿತು. ಇವತ್ತು ಅಮೆರಿಕ, ಕೆನಡಾಗಳಲ್ಲಿ 30 ತಂಡಗಳಾಗಿ ಹರಡಿರುವ ಮೇಜರ್ ಲೀಗ್ ಸಾಕರ್‌ಗೆ ಸ್ವಂತ ಮನೆ ಅಂತ ಮೊದಲು ಸಿಕ್ಕಿದ್ದು ಇಲ್ಲಿ.

ಲೀಗ್ ಶುರುವಾದದ್ದು 1996ರಲ್ಲಿ, ಹತ್ತು ತಂಡಗಳೊಂದಿಗೆ. ಯಾವ ತಂಡಕ್ಕೂ ತನ್ನದೆಂಬ ಅಂಗಳವಿರಲಿಲ್ಲ. ಲಾಸ್ ಏಂಜಲೀಸ್‌ನವರು ಪಸಡೀನಾದ ರೋಸ್ ಬೌಲ್‌ನಲ್ಲಿ, ನ್ಯೂಯಾರ್ಕ್‌ನವರು ಜೈಂಟ್ಸ್ ಸ್ಟೇಡಿಯಂನಲ್ಲಿ, ಕೊಲಂಬಸ್ ಕ್ರೂ ತಂಡದವರು ವಿಶ್ವವಿದ್ಯಾಲಯದ ದೈತ್ಯ ಒಹಾಯೊ ಸ್ಟೇಡಿಯಂನಲ್ಲಿ ಆಡಬೇಕಾಯಿತು. ಆ ಒಹಾಯೊ ಸ್ಟೇಡಿಯಂನಲ್ಲಿ ಇವತ್ತು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಸಾಕರ್ ನೋಡಲು ಹದಿನೈದು ಸಾವಿರ ಜನ ಬಂದರೂ ಅಲ್ಲಿ ಅದು ದೊಡ್ಡ ಕಲ್ಯಾಣ ಮಂಟಪದಲ್ಲಿ ಹತ್ತು ಜನರ ನಾಮಕರಣದಂತೆ. ಕೂಗಿದ ಕೂಗು ಖಾಲಿ ಸೀಟುಗಳಲ್ಲಿ ಕರಗಿಹೋಗುತ್ತಿತ್ತು.

ತೊಂದರೆ ಬರೀ ಖಾಲಿತನದ್ದಲ್ಲ, ಅಳತೆಯದ್ದೂ ಹೌದು. ಅಮೆರಿಕನ್ ಫುಟ್‌ಬಾಲ್ ಅಂಗಳದ ಅಗಲ ಸುಮಾರು 49 ಮೀಟರ್. ಅಂತರರಾಷ್ಟ್ರೀಯ ಸಾಕರ್‌ಗೆ ಸಾಮಾನ್ಯವಾಗಿ ಬೇಕಾದದ್ದು 68 ಮೀಟರ್. ಮೊದಲನೆಯದಕ್ಕೆ ಹೊಂದಿಸಿ ಕಟ್ಟಿದ ಗ್ಯಾಲರಿಗಳ ನಡುವೆ ಎರಡನೆಯದನ್ನು ತುರುಕಿದರೆ ಅಂಚಿನಲ್ಲಿ ಓಡುವ ಆಟಗಾರನಿಗೆ ಜಾಗವೇ ಉಳಿಯುವುದಿಲ್ಲ. ಇನ್ನೊಂದು ಆಟದ ಗೆರೆಗಳು ಹುಲ್ಲಿನ ಮೇಲೆ ಹಾಗೇ ಕಾಣುತ್ತಿದ್ದ ದಿನಗಳೂ ಇದ್ದವು. ಹಣದ ಲೆಕ್ಕವಂತೂ ಇನ್ನೂ ಕಷ್ಟದ್ದು. ಪಾರ್ಕಿಂಗ್, ತಿಂಡಿ ಅಂಗಡಿ, ಜಾಹೀರಾತು ಫಲಕ, ಎಲ್ಲದರ ಆದಾಯದಲ್ಲೂ ಕ್ರೀಡಾಂಗಣದ ಮಾಲೀಕನಿಗೇ ಮೊದಲ ಪಾಲು. ಪಂದ್ಯದ ದಿನಾಂಕ ಗೊತ್ತುಮಾಡುವುದಕ್ಕೂ ಅವನ ಮರ್ಜಿ ಕಾಯಬೇಕು. ಬಾಡಿಗೆದಾರನ ಪಾಡು ಎಲ್ಲ ಊರಿನಲ್ಲೂ ಒಂದೇ.

ಇದನ್ನು ಮೊದಲು ಅರ್ಥಮಾಡಿಕೊಂಡವರು ಕ್ರೂ ತಂಡದ ಮಾಲೀಕ ಲಮಾರ್ ಹಂಟ್. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ತಂಡವನ್ನು ಕಟ್ಟಿದ ಮನುಷ್ಯ. ದೊಡ್ಡ ಕ್ರೀಡಾಂಗಣಗಳ ಸುಖ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಚಿಕ್ಕದೊಂದನ್ನು ಕಟ್ಟಲು ಹೊರಟರು. ತೆರಿಗೆ ಹಣ ಕೊಡುವ ಪ್ರಸ್ತಾಪವನ್ನು 1997ರಲ್ಲಿ ಮತದಾರರು ತಿರಸ್ಕರಿಸಿದರು. ಪಕ್ಕದ ಡಬ್ಲಿನ್ ಊರಿನವರೂ ಬೇಡವೆಂದರು. ಕೊನೆಗೆ ಜಾತ್ರೆ ಮೈದಾನದ ಜಾಗವನ್ನು ಗುತ್ತಿಗೆಗೆ ಪಡೆದು, ಸುಮಾರು 2.85 ಕೋಟಿ ಡಾಲರ್ ಕೈಯಿಂದ ಹಾಕಿ, 1998ರ ಆಗಸ್ಟ್‌ನಲ್ಲಿ ಗುದ್ದಲಿ ಹಾಕಿಸಿದರು. 274 ದಿನಗಳಲ್ಲಿ ಕೆಲಸ ಮುಗಿಯಿತು. 1999ರ ಮೇ 15ರಂದು ನ್ಯೂ ಇಂಗ್ಲೆಂಡ್ ತಂಡವನ್ನು 2-0ಯಿಂದ ಸೋಲಿಸಿ ಕ್ರೂ ಗೃಹಪ್ರವೇಶ ಮಾಡಿತು. ಅಲ್ಲಿನ ಮೊದಲ ಗೋಲು ಜೆಫ್ ಕನ್ನಿಂಗ್‌ಹ್ಯಾಂ ಅವರದು.

ಮನೆ ಚಿಕ್ಕದಾದರೆ ಏನಾಗುತ್ತದೆ ಎಂಬುದು ಲೋಕಕ್ಕೆ ತಿಳಿದದ್ದು 2001ರ ಫೆಬ್ರವರಿ 28ರಂದು. ವಿಶ್ವಕಪ್ ಅರ್ಹತಾ ಪಂದ್ಯ, ಎದುರಾಳಿ ಮೆಕ್ಸಿಕೊ. ಲಾಸ್ ಏಂಜಲೀಸ್‌ನಂಥ ಊರಿನಲ್ಲಿ ಆಡಿಸಿದ್ದರೆ ಗ್ಯಾಲರಿಯ ತುಂಬ ಮೆಕ್ಸಿಕೊದ ಹಸಿರೇ ಇರುತ್ತಿತ್ತು. ಕೊಲಂಬಸ್‌ನಲ್ಲಿ ನೀರು ಹೆಪ್ಪುಗಟ್ಟುವ ಚಳಿ, ನಾಲ್ಕೂ ಕಡೆ ಆತಿಥೇಯರ ಕೂಗು. ಅಮೆರಿಕ 2-0ಯಿಂದ ಗೆದ್ದಿತು. ಆಮೇಲೆ 2005, 2009, 2013ರಲ್ಲೂ ಇದೇ ಅಂಗಳದಲ್ಲಿ ಮೆಕ್ಸಿಕೊ ಅದೇ 2-0 ಅಂತರದಲ್ಲಿ ಸೋತಿತು! ನಾಲ್ಕು ಸಲ ಒಂದೇ ಅಂಕ. ಬೇಲಿಯಾಚೆ ನಿಂತು ಆ ಸಾದಾ ಬೆಂಚುಗಳನ್ನು ನೋಡುವಾಗ ಈ ಲೆಕ್ಕ ನೆನಪಾಗಿ ಸುಮ್ಮನೆ ನಿಂತುಬಿಟ್ಟೆ.

ದಾರಿ ಸಲೀಸಾಗಿರಲಿಲ್ಲ. 2002ರ ಆರಂಭದಲ್ಲಿ ಟ್ಯಾಂಪಾ ಬೇ, ಮಯಾಮಿ ತಂಡಗಳನ್ನು ಮುಚ್ಚಬೇಕಾಯಿತು. ಲೀಗೇ ಮುಳುಗುವ ಹೊತ್ತಿನಲ್ಲಿ ಹಂಟ್, ಫಿಲಿಪ್ ಆನ್‌ಶುಟ್ಜ್, ರಾಬರ್ಟ್ ಕ್ರಾಫ್ಟ್ ಈ ಮೂವರೇ ಎಲ್ಲ ತಂಡಗಳನ್ನೂ ಹೊತ್ತು ನಿಂತರು. ಮುಂದಿನ ವರ್ಷವೇ ಲಾಸ್ ಏಂಜಲೀಸ್ ಬಳಿಯ ಕಾರ್ಸನ್‌ನಲ್ಲಿ 27,000 ಸೀಟುಗಳ ಎರಡನೇ ಮನೆ ಎದ್ದಿತು. ಆಮೇಲೆ ಟೆಕ್ಸಸ್‌ನ ಫ್ರಿಸ್ಕೊ, ಶಿಕಾಗೊ ಬಳಿಯ ಬ್ರಿಜ್‌ವ್ಯೂ, ಟೊರಾಂಟೊ, ನ್ಯೂಜರ್ಸಿಯ ಹ್ಯಾರಿಸನ್, ಡೆಲವೇರ್ ನದಿದಂಡೆಯ ಚೆಸ್ಟರ್... ಇವತ್ತು ಇಪ್ಪತ್ತಕ್ಕೂ ಹೆಚ್ಚು ತಂಡಗಳು ಸಾಕರ್‌ಗೆಂದೇ ಕಟ್ಟಿದ ಅಥವಾ ಒಗ್ಗಿಸಿದ ಅಂಗಳಗಳಲ್ಲಿ ಆಡುತ್ತಿವೆ. ಸಿಯಾಟಲ್, ಅಟ್ಲಾಂಟಾಗಳಂಥ ಕೆಲವು ಊರುಗಳು ದೊಡ್ಡ ಕ್ರೀಡಾಂಗಣವನ್ನೂ ತುಂಬಿಸುತ್ತವೆ, ನಿಜ. ಅಂಥ ಊರುಗಳು ಕಡಿಮೆ.

ಮೊದಮೊದಲು ಅಗ್ಗದ ಜಾಗ ಹುಡುಕಿ ಊರಾಚೆ ಕಟ್ಟಿದ್ದು ಕೆಲವು ಕಡೆ ಕೈಕೊಟ್ಟಿತು. ಬ್ರಿಜ್‌ವ್ಯೂ ಎಂಬ ಪುಟ್ಟ ಊರು ಸಾಲ ಮಾಡಿ 2006ರಲ್ಲಿ ಕ್ರೀಡಾಂಗಣ ಕಟ್ಟಿಸಿತು. ಶಿಕಾಗೊ ನಗರದಿಂದ ಅಲ್ಲಿಗೆ ಬಂದುಹೋಗುವುದು ಜನರಿಗೆ ಸುಲಭವಾಗಲಿಲ್ಲ. ತಂಡ 2020ರ ಹೊತ್ತಿಗೆ ನಗರದ ಸೋಲ್ಜರ್ ಫೀಲ್ಡ್‌ಗೆ ವಾಪಸು ಹೋಯಿತು. ಸಾಲ ಊರಿನ ತಲೆಯ ಮೇಲೆ ಉಳಿಯಿತು. ಹೀಗೆ ಪಾಠ ಕಲಿತ ಮೇಲೆ ಅಂಗಳಗಳು ಊರೊಳಗೆ ಬಂದವು. ಅದಕ್ಕೂ ಬೆಲೆ ತೆರಬೇಕಾಯಿತು. ಸಿನ್ಸಿನಾಟಿಯಲ್ಲಿ 2021ರಲ್ಲಿ ತೆರೆದ 26,000 ಸೀಟುಗಳ ಕ್ರೀಡಾಂಗಣಕ್ಕಾಗಿ ಟ್ಯಾಫ್ಟ್ ಹೈಸ್ಕೂಲಿನ ಆಟದ ಮೈದಾನವನ್ನೇ ಬೇರೆ ಕಡೆಗೆ ಸರಿಸಬೇಕಾಯಿತು. ಆ ಸುಂದರ ಕಟ್ಟಡ ನೋಡಿ ಹಿಗ್ಗುವಾಗ ಇದನ್ನು ಮರೆಯಬಾರದು.

ನನ್ನ ಕಣ್ಣು ಅರಳಿಸಿದ ಅಂಗಳ ಮಿನೆಸೋಟಾದ ಸೇಂಟ್ ಪಾಲ್‌ನಲ್ಲಿದೆ. ಲಘು ರೈಲು ಸ್ನೆಲ್ಲಿಂಗ್ ಅವೆನ್ಯೂ ನಿಲ್ದಾಣದಲ್ಲಿ ಇಳಿಸಿದರೆ, ಹಿಂದೆ ಬಸ್ ಗ್ಯಾರೇಜ್ ಇದ್ದ ಜಾಗದಲ್ಲಿ 2019ರಲ್ಲಿ ತೆರೆದ ಅಲಿಯಾನ್ಸ್ ಫೀಲ್ಡ್ ಎದುರಾಗುತ್ತದೆ. 19,400 ಸೀಟು. ಗೋಡೆಯೆಂದರೆ ಇಟ್ಟಿಗೆ ಸಿಮೆಂಟಲ್ಲ, ಅರೆಪಾರದರ್ಶಕ ಜಾಲರಿ ಬಟ್ಟೆ. ಉಕ್ಕಿನ ಕೊಳವೆಗಳ ಮೇಲೆ ಬಿಗಿದು ಎಳೆದದ್ದು. ಹತ್ತಿರ ಹೋಗಿ ನೋಡಿದೆ. ಆಚೆ ಬದಿಯಲ್ಲಿ ಮೆಟ್ಟಿಲು ಹತ್ತುವವರ ನೆರಳು ಮಸುಕಾಗಿ ಕಾಣುತ್ತಿತ್ತು. ಬಿಸಿಲು ಒಳಗೆ ಸೋಸಿ ಬರುತ್ತದೆ, ಮಿನೆಸೋಟಾದ ಕೊರೆಯುವ ಗಾಳಿ ಹೊರಗೇ ಉಳಿಯುತ್ತದೆ. ಕತ್ತಲಾಗುತ್ತಿದ್ದಂತೆ ಒಳಗಿನ ದೀಪಗಳು ಹೊತ್ತಿ ಇಡೀ ಕಟ್ಟಡ ನೀಲಿಯಾಯಿತು. ಗೆದ್ದ ದಿನ ಆಟಗಾರರು, ಅಭಿಮಾನಿಗಳು ಸೇರಿ ಒಯಾಸಿಸ್ ತಂಡದ ‘ವಂಡರ್‌ವಾಲ್’ ಹಾಡುವುದು ಇಲ್ಲಿಯ ಪದ್ಧತಿ.

ಒಂದೊಂದು ಅಂಗಳಕ್ಕೂ ಒಂದೊಂದು ಗುರುತು. ಪೋರ್ಟ್‌ಲ್ಯಾಂಡ್‌ನಲ್ಲಿ ಊರಿನ ತಂಡ ಗೋಲು ಹೊಡೆದಾಗಲೆಲ್ಲ ಮರದ ದಿಮ್ಮಿಯಿಂದ ಗರಗಸದಲ್ಲಿ ಒಂದು ಬಿಲ್ಲೆ ಕೊಯ್ಯುತ್ತಾರೆ. ಲಾಸ್ ಏಂಜಲೀಸ್ ಎಫ್‌ಸಿಯ ಅಂಗಳದಲ್ಲಿ ಗ್ಯಾಲರಿ 34 ಡಿಗ್ರಿ ಕಡಿದಾಗಿದೆ; ಅಲ್ಲಿಯ ಉತ್ತರ ತುದಿಯ ಅಭಿಮಾನಿಗಳ ಜಾಗ 3,252, ಅಂಕೆಗಳನ್ನು ಕೂಡಿಸಿದರೆ 12, ಅಂದರೆ ಹನ್ನೆರಡನೇ ಆಟಗಾರ. ಆರ್ಲಾಂಡೊದಲ್ಲಿ 2016ರ ಪಲ್ಸ್ ಕ್ಲಬ್ ಹತ್ಯಾಕಾಂಡದಲ್ಲಿ ಸತ್ತ 49 ಜನರ ನೆನಪಿಗೆ 49 ಸೀಟುಗಳಿಗೆ ಕಾಮನಬಿಲ್ಲಿನ ಬಣ್ಣ ಹಚ್ಚಿದ್ದಾರೆ.

ಮತ್ತೆ ಕೊಲಂಬಸ್ ವಿಷಯ, ಯಾಕೆಂದರೆ ಅಲ್ಲಿಯ ಜನ ಮಾಡಿದ್ದನ್ನು ಹೇಳದೆ ಈ ಕಥೆ ಮುಗಿಯುವುದಿಲ್ಲ. ಹಂಟ್ 2006ರಲ್ಲಿ ತೀರಿಕೊಂಡರು. 2017ರಲ್ಲಿ, ಊರೊಳಗೆ ಹೊಸ ಕ್ರೀಡಾಂಗಣ ಸಿಗದಿದ್ದರೆ ತಂಡವನ್ನು ಟೆಕ್ಸಸ್‌ನ ಆಸ್ಟಿನ್‌ಗೆ ಒಯ್ಯುವುದಾಗಿ ಆಗಿನ ಮಾಲೀಕರು ಹೇಳಿದರು. ಅಭಿಮಾನಿಗಳು ‘ಸೇವ್ ದ ಕ್ರೂ’ ಎಂದು ಬೀದಿಗಿಳಿದರು. ಬ್ರೌನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ ಕ್ಲೀವ್‌ಲ್ಯಾಂಡ್ ಬಿಟ್ಟುಹೋದ ನೋವಿನಿಂದ 1996ರಲ್ಲಿ ಹುಟ್ಟಿದ ಒಂದು ಕಾನೂನನ್ನು ಹಿಡಿದು ಒಹಾಯೊ ಸರ್ಕಾರ ಕೋರ್ಟಿಗೆ ಹೋಯಿತು. 2019ರಲ್ಲಿ ಸ್ಥಳೀಯರ ಕೂಟವೊಂದು ತಂಡವನ್ನು ಕೈಗೆತ್ತಿಕೊಂಡಿತು. ಆಸ್ಟಿನ್‌ಗೆ ಬೇರೆ ತಂಡ, ಬೇರೆ ಕ್ರೀಡಾಂಗಣ ಸಿಕ್ಕಿತು. ಯಾರೂ ಬರಿಗೈಯಲ್ಲಿ ಉಳಿಯಲಿಲ್ಲ.

ಕೊಲಂಬಸ್‌ನ ಹೊಸ ಅಂಗಳ 2021ರ ಜುಲೈ 3ರಂದು ಓಲೆಂಟಾಂಜಿ ನದಿಯ ಬದಿಯಲ್ಲಿ, ಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ತೆರೆಯಿತು. ಇಪ್ಪತ್ತು ಸಾವಿರ ಜನಕ್ಕೆ ಜಾಗ. ಉತ್ತರದ ಗ್ಯಾಲರಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ನಿಂತೇ ಆಟ ನೋಡುತ್ತಾರೆ. ಪ್ರತಿ ಸಾಲಿನ ಮುಂದೆಯೂ ಸೊಂಟದೆತ್ತರದ ಕಂಬಿ. ಗೋಲಾದಾಗ ಹಿಂದಿನವರ ನೂಕು ಮುಂದಿನವರ ಮೇಲೆ ಬೀಳದಂತೆ ಅದು ತಡೆಯುತ್ತದೆ. ನಾನು ಅದೇ ಕಂಬಿಗೆ ಅಂಗೈ ಊರಿ ನಿಂತಿದ್ದೆ. ಡೋಲು ಬಡಿಯಲು ಶುರುವಾಗುತ್ತಿದ್ದಂತೆ ಕಂಬಿಯ ಅದುರು ಕೈಯಿಂದ ಮೊಣಕೈಗೆ ಹತ್ತಿತು. ಹಳದಿ ಅಂಗಿಯ ಒಬ್ಬ ಅಜ್ಜಿ ಪಕ್ಕದ ಮೊಮ್ಮಗನಿಗೆ ಯಾವ ಪಲ್ಲವಿ ಆದಮೇಲೆ ಯಾವುದು ಅಂತ ಕಿವಿಯಲ್ಲಿ ಹೇಳಿಕೊಡುತ್ತಿದ್ದರು. ನಮ್ಮ ಮುಂದೆಯೇ ಕಾರ್ನರ್ ಕಿಕ್. ಆಟಗಾರನ ಬೂಟು ಚೆಂಡಿಗೆ ತಾಗಿದ ಸದ್ದು ಅಷ್ಟು ಗದ್ದಲದಲ್ಲೂ ಕೇಳಿಸಿತು. ಲಕ್ಷ ಜನರ ಕ್ರೀಡಾಂಗಣ ಕೊಡಲಾರದ ಸುಖ ಇದು.

ಇದೇ ಅಂಗಳದಲ್ಲಿ 2023ರ ಡಿಸೆಂಬರ್ 9ರಂದು ಕ್ರೂ ತಂಡ ಲಾಸ್ ಏಂಜಲೀಸ್ ಎಫ್‌ಸಿಯನ್ನು 2-1ರಿಂದ ಮಣಿಸಿ ಲೀಗ್ ಕಪ್ ಎತ್ತಿತು. ಆರು ವರ್ಷ ಹಿಂದೆ ಊರು ಬಿಟ್ಟುಹೋಗಲಿದ್ದ ತಂಡ ಅದು.

ನಮ್ಮ ಬೆಂಗಳೂರು ಎಫ್‌ಸಿಯ ಅಭಿಮಾನಿಗಳು ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ಇದಕ್ಕೇನೂ ಕಡಿಮೆಯಿಲ್ಲದಂತೆ ಹಾಡುತ್ತಾರೆ. ಆದರೆ ಅವರಿಗೂ ಹುಲ್ಲಿಗೂ ನಡುವೆ ಅಥ್ಲೆಟಿಕ್ಸ್ ಟ್ರ್ಯಾಕ್ ಇದೆ. ಆ ಟ್ರ್ಯಾಕ್ ಓಟಗಾರರಿಗೆ ಬೇಕೇ ಬೇಕು, ಅದನ್ನು ಕಿತ್ತುಕೊಳ್ಳುವ ಮಾತಲ್ಲ. ಫುಟ್‌ಬಾಲ್‌ಗೆ ಅದರದೇ ಅಂಗಳ ಬೇಕು. ಹದಿನೈದು ಸಾವಿರ ಸೀಟಾದರೂ ಸಾಕು, ಮೆಟ್ರೊ ಇಳಿದು ನಡೆದು ಹೋಗುವಂತಿರಬೇಕು. ಇದನ್ನು ಕೇಳಬೇಕಾದವರು ನಾವೇ. ಅಲ್ಲಿಯವರೆಗೆ, ಅಮೆರಿಕದಲ್ಲಿ ಮಕ್ಕಳ ಮನೆಗೋ ಕೆಲಸಕ್ಕೋ ಹೋಗುವವರಿಗೆ ನನ್ನದೊಂದು ಮಾತು: ಹತ್ತಿರದ ಊರಿನಲ್ಲಿ ಇಂಥ ಅಂಗಳವಿದ್ದರೆ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಗೋಲಿನ ಹಿಂದಿನ, ನಿಂತು ನೋಡುವ ಗ್ಯಾಲರಿಯ ಟಿಕೆಟ್ಟನ್ನೇ ತಗೊಳ್ಳಿ.