ಬಡ್ತಿ ಎಂದರೆ ಕೊನೆಯ ಸಾಲು

ಹಗ್ಗದ ಆಚೆ ನಿಂತವರು ಕೂಗುವ ಮಾತುಗಳಲ್ಲಿ ಹೆಚ್ಚಿನವು ಸವಾರನ ಕಿವಿಗೆ ಬೀಳುವುದೇ ಇಲ್ಲ. ಉಸಿರಿನ ಸದ್ದು, ಚೈನಿನ ಸದ್ದು, ಹಸುವಿನ ಕೊರಳಗಂಟೆ ಹಿಡಿದು ಅಲ್ಲಾಡಿಸುವವರ ಗದ್ದಲ, ಎಲ್ಲ ಒಂದರಲ್ಲಿ ಒಂದು ಕಲಸಿಹೋಗುತ್ತವೆ. ಆದರೆ ಒಂದು ಪದ ಮಾತ್ರ ಎಷ್ಟೇ ಗದ್ದಲದಲ್ಲೂ ನೆಟ್ಟಗೆ ಬಂದು ತಾಗುತ್ತದೆ: ಸ್ಯಾಂಡ್‌ಬ್ಯಾಗರ್.

ಅಮೆರಿಕದ ಹವ್ಯಾಸಿ ಸೈಕ್ಲೋಕ್ರಾಸ್ ರೇಸುಗಳಲ್ಲಿ ಇದು ಅರ್ಧ ತಮಾಷೆ, ಅರ್ಧ ಬೈಗುಳ. ಕೂಗುವವರು ನಗುತ್ತಲೇ ಕೂಗುತ್ತಾರೆ. ಕೆಳಹಂತದ ನಾಲ್ಕನೇ ದರ್ಜೆಯ ರೇಸಿನಲ್ಲಿ ಒಬ್ಬ ಒಂದು ನಿಮಿಷದಷ್ಟು ಮುಂದೆ ಹೋಗಿಬಿಟ್ಟಿದ್ದಾನೆ, ಹಿಂದೆ ಯಾರೂ ಕಾಣಿಸುತ್ತಿಲ್ಲ, ಕೊನೆಯ ಸುತ್ತು. ಆಗ ಬರುತ್ತದೆ ಆ ಕೂಗು. ಮನೆಗೆ ಹೋಗಿ ಕಿವಿಯೊಳಗಿನ ಕೆಸರನ್ನು ತೊಳೆದುಕೊಳ್ಳಬಹುದು, ಈ ಪದ ಹೋಗುವುದಿಲ್ಲ.

ಪದದ ಹಿಂದೆ ಒಂದು ಕೆಟ್ಟ ಚರಿತ್ರೆಯಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಚೀಲಕ್ಕೆ ಮರಳು ತುಂಬಿ, ಕತ್ತಲಲ್ಲಿ ದಾರಿಹೋಕರ ತಲೆಗೆ ಬಡಿದು ದೋಚುತ್ತಿದ್ದ ಕಳ್ಳರಿಗೆ ಈ ಹೆಸರಿತ್ತು. ಆಮೇಲೆ ಅದು ಇಸ್ಪೀಟಿನ ಮೇಜಿಗೆ ಬಂತು: ಕೈಯಲ್ಲಿ ಒಳ್ಳೆಯ ಎಲೆ ಇಟ್ಟುಕೊಂಡೂ ಸಪ್ಪೆ ಮುಖ ಮಾಡಿ ಎದುರಿನವರನ್ನು ಕೆಡವುವವನು. ಸೈಕಲ್ಲಿಗೆ ಬರುವ ಹೊತ್ತಿಗೆ ಅರ್ಥ ಇನ್ನಷ್ಟು ಮೆತ್ತಗಾಯಿತು. ಮೇಲಿನ ದರ್ಜೆಗೆ ಹೋಗುವ ಯೋಗ್ಯತೆ ಬಂದ ಮೇಲೂ ಕೆಳಗಿನ ದರ್ಜೆಯಲ್ಲೇ ಗೆಲ್ಲುತ್ತ ಕೂತವನು. ಪಾಸಾಗಿಯೂ ಅದೇ ತರಗತಿಯಲ್ಲಿ ಕೂತು ವರ್ಷ ವರ್ಷವೂ ಮೊದಲ ರ‍್ಯಾಂಕ್ ತೆಗೆಯುವ ಹುಡುಗ ಅನ್ನಿ. ಹಾಳೂರಿಗೆ ಉಳಿದವನೇ ಗೌಡ ಎನ್ನುವ ನಮ್ಮ ಗಾದೆ ಇವರಿಗೆಂದೇ ಹುಟ್ಟಿದ ಹಾಗಿದೆ.

ಆದರೂ ಆ ಕೂಗಿನಲ್ಲಿ ಒಂದು ಅನ್ಯಾಯವಿದೆ. ಹಾಗೆ ಉಳಿದುಕೊಂಡವರಲ್ಲಿ ಬಹಳ ಮಂದಿಗೆ ಯಾರನ್ನೂ ದೋಚುವ ಆಸೆಯಿಲ್ಲ. ಅವರಿಗೆ ಇರುವುದು ಹೆದರಿಕೆ. ಆ ಹೆದರಿಕೆಗೆ ತಕ್ಕ ಕಾರಣವನ್ನು ಈ ಆಟವೇ ಒದಗಿಸಿಕೊಟ್ಟಿದೆ.

ಸೈಕ್ಲೋಕ್ರಾಸ್ ಚಳಿಗಾಲದ ಕೆಸರಿನ ಆಟ. ರಸ್ತೆ ರೇಸಿನ ಸೈಕಲ್ಲಿಗಿರುವಂಥದೇ ಬಾಗಿದ ಹ್ಯಾಂಡಲ್ಲು, ಆದರೆ ಹಲ್ಲುಹಲ್ಲಾದ ಟಯರು. ಅಂತರರಾಷ್ಟ್ರೀಯ ರೇಸುಗಳಲ್ಲಿ ಅದರ ಅಗಲ 33 ಮಿಲಿಮೀಟರ್ ಮೀರುವ ಹಾಗಿಲ್ಲ. ಎರಡೂವರೆಯಿಂದ ಮೂರೂವರೆ ಕಿಲೋಮೀಟರಿನ ಸುತ್ತು, ಅದನ್ನೇ ಮತ್ತೆ ಮತ್ತೆ ಸುತ್ತಬೇಕು. ಹುಲ್ಲು, ಮರಳು, ಜಾರುವ ಇಳಿಜಾರು, ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಓಡಿ ಹತ್ತಬೇಕಾದ ದಿಬ್ಬ. ನಡುವೆ ದಾರಿಗೆ ಅಡ್ಡವಾಗಿ ಎರಡು ಹಲಗೆಗಳು, ಹೆಚ್ಚೆಂದರೆ 40 ಸೆಂಟಿಮೀಟರ್ ಎತ್ತರ.

ಆ ಹಲಗೆಗಳ ಪಕ್ಕದಲ್ಲಿ ನಿಂತು ನೋಡಬೇಕು. ಪಳಗಿದ ಸವಾರ ವೇಗ ತಗ್ಗಿಸದೆ ಬರುತ್ತಾನೆ. ಬಲಗಾಲು ಸೀಟಿನ ಮೇಲಿಂದ ಈಚೆಗೆ ಬರುತ್ತದೆ, ಎಡ ಪೆಡಲಿನ ಮೇಲೆ ಒಂಟಿಕಾಲಲ್ಲಿ ನಿಂತು ಒಂದೆರಡು ಮಾರು ತೇಲುತ್ತಾನೆ, ಹಲಗೆಯ ಬುಡಕ್ಕೆ ಬರುವಾಗ ನೆಲಕ್ಕಿಳಿದು ಓಡುತ್ತಿರುತ್ತಾನೆ. ಸೈಕಲ್ಲು ಕೈಯಲ್ಲಿ ಮೇಲೆದ್ದಿರುತ್ತದೆ. ಎರಡೂ ಹಲಗೆ ದಾಟಿದ್ದೇ ತೊಡೆಯ ಒಳಭಾಗ ಸೀಟಿನ ಮೇಲೆ ಜಾರಿ ಕೂರುತ್ತದೆ, ಕಾಲು ಪೆಡಲು ಹುಡುಕಿಕೊಳ್ಳುತ್ತದೆ. ನಾಲ್ಕೈದು ಸೆಕೆಂಡಿನ ಕೆಲಸ. ಹೊಸಬ ಅದೇ ಹಲಗೆಯ ಮುಂದೆ ಬ್ರೇಕು ಹಿಡಿದು, ನಿಂತು, ಇಳಿದು, ಎತ್ತಿ, ದಾಟಿ, ಮತ್ತೆ ಹತ್ತುತ್ತಾನೆ. ಬೆಲ್ಜಿಯಂನ ಸ್ವೆನ್ ನೈಸ್ ಅಂಥವರು ಇಳಿಯುತ್ತಲೇ ಇರಲಿಲ್ಲ. ಎಳವೆಯಲ್ಲಿ ಬಿಎಂಎಕ್ಸ್ ಸೈಕಲ್ಲಿನಲ್ಲಿ ಕಲಿತ ನೆಗೆತವನ್ನು ಇಲ್ಲಿಗೂ ತಂದು, ಸೈಕಲ್ಲಿನಿಂದ ಇಳಿಯದೆಯೇ ಹಲಗೆ ಹಾರುತ್ತಿದ್ದರು. ಮೂರು ದರ್ಜೆಗಳ ಅಂತರ ಆ ಎರಡು ಹಲಗೆಗಳ ಬಳಿ ಒಂದೇ ದಿನದಲ್ಲಿ ಕಾಣಸಿಗುತ್ತದೆ.

ಆಟದ ಹುಟ್ಟಿನಲ್ಲೇ ತನಗಿಂತ ಬಲವಾದದ್ದರ ಬೆನ್ನು ಹತ್ತುವ ಹಟವಿತ್ತು. ಫ್ರೆಂಚ್ ಸೈನಿಕ ದಾನಿಯೆಲ್ ಗೂಸೋ ಕುದುರೆ ಏರಿದ ಗೆಳೆಯರ ಜೊತೆ ಕಾಡಿನ ದಾರಿಯಲ್ಲಿ ಸೈಕಲ್ ತುಳಿಯುತ್ತಿದ್ದವನು. 1902ರಲ್ಲಿ ಫ್ರಾನ್ಸಿನ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ಅವನ ಮುಂದಾಳತ್ವದಲ್ಲೇ ನಡೆಯಿತು. 1910ರ ಟೂರ್ ದ ಫ್ರಾನ್ಸ್ ಗೆದ್ದ ಒಕ್ತಾವ್ ಲಪೀಜ್ ತನ್ನ ಗೆಲುವಿಗೆ ಚಳಿಗಾಲದ ಈ ಅಭ್ಯಾಸವೂ ಕಾರಣ ಎಂದ ಮೇಲೆ ಜನ ಇದರತ್ತ ತಿರುಗಿದರು.

ಅಮೆರಿಕದಲ್ಲಿ ದರ್ಜೆಗಳು ಐದು. ಹೊಸಬರೆಲ್ಲ ಐದರಿಂದ ಶುರು ಮಾಡುತ್ತಾರೆ. ಒಂದು ಎಂದರೆ ತುತ್ತತುದಿ. ಕಂಬಳದಲ್ಲಿ ಹಗ್ಗ ಕಿರಿಯ, ಹಗ್ಗ ಹಿರಿಯ ಎಂದು ಕೋಣಗಳನ್ನು ಬೇರೆ ಬೇರೆ ಓಡಿಸುವ ಹಾಗೆ ಇಲ್ಲೂ ಸಮಬಲರನ್ನು ಒಟ್ಟಿಗೆ ಓಡಿಸುವುದೇ ಉದ್ದೇಶ. ಬಂದ ಸ್ಥಾನಕ್ಕೆ ಅಂಕವುಂಟು, ಆ ಸ್ಥಾನ ಎಷ್ಟು ಜನರ ನಡುವೆ ಬಂತು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಹನ್ನೆರಡು ತಿಂಗಳ ಅಂಕ ಕೂಡಿ ಸಾಕಷ್ಟಾದರೆ ಸವಾರ ಬಡ್ತಿಗೆ ಅರ್ಜಿ ಹಾಕಬಹುದು. ಅಂಕ ತೀರ ಹೆಚ್ಚಾದರೆ ಅರ್ಜಿ ಇಲ್ಲದೆಯೂ ಮೇಲೆ ಹಾಕುತ್ತಾರೆ. ಅರ್ಜಿ ಹಾಕಬಹುದಾದ ದಿನಕ್ಕೂ ಕಡ್ಡಾಯವಾಗುವ ದಿನಕ್ಕೂ ನಡುವೆ ಒಂದಿಷ್ಟು ಖಾಲಿ ಜಾಗವಿದೆ. ಬೈಗುಳ ಹುಟ್ಟುವುದು ಅಲ್ಲಿ.

ಬ್ರಿಟನ್ನಿನ ಪ್ರಾದೇಶಿಕ ಲೀಗುಗಳಲ್ಲಿ ಈ ತಂಟೆಯೇ ಕಡಿಮೆ. ಅಲ್ಲಿ ಹೆಚ್ಚಾಗಿ ವಯಸ್ಸಿನ ಮೇಲೆ ವಿಂಗಡಣೆ; ವರ್ಷ ಕಳೆದರೆ ಸಾಕು, ಗುಂಪು ತಾನಾಗಿ ಬದಲಾಗುತ್ತದೆ.

ಹೆಂಗಸರ ಬಡ್ತಿಯ ಕಥೆ ಬೇರೆ. ಅವರ ರೇಸುಗಳಿಗೆ ಬರುವವರ ಸಂಖ್ಯೆ ಕಡಿಮೆಯಿರುವ ಕಡೆ ಗೆದ್ದರೂ ಅಂಕ ಕಡಿಮೆ. ಎರಡು ಮೂರು ದರ್ಜೆಯವರನ್ನು ಒಂದರ ಹಿಂದೊಂದರಂತೆ ಒಂದೇ ಹೊತ್ತಿಗೆ ಮೈದಾನಕ್ಕೆ ಬಿಡುವುದೂ ಉಂಟು. ಆಗ ಕೆಳಗಿನ ದರ್ಜೆಯವಳು ಮೇಲಿನ ದರ್ಜೆಯವರ ಹಿಂದೆಯೇ ತುಳಿಯುತ್ತಾಳೆ, ಅವರು ತಿರುವು ಹಿಡಿಯುವ ರೀತಿಯನ್ನು ಕಣ್ಣೆದುರೇ ಕಾಣುತ್ತಾಳೆ, ಅಂಕ ಮಾತ್ರ ತನ್ನ ಪುಟ್ಟ ಗುಂಪಿನದೇ. ಪುರುಷರ ವಿಶ್ವ ಚಾಂಪಿಯನ್‌ಶಿಪ್ 1950ರಲ್ಲೇ ಪ್ಯಾರಿಸಿನಲ್ಲಿ ಶುರುವಾದರೆ, ಮಹಿಳೆಯರಿಗೆ ಆ ಬಾಗಿಲು ತೆರೆದದ್ದು 2000ದಲ್ಲಿ. ಐವತ್ತು ವರ್ಷ ಕಾದ ಬಡ್ತಿ ಅದು.

ಮೇಲಿನ ದರ್ಜೆಗೆ ಹೋದವನಿಗೆ ಮೊದಲು ಬದಲಾಗುವುದು ಗಡಿಯಾರ. ಹೊಸಬರ ರೇಸು ಬೆಳಿಗ್ಗೆ, ಅರ್ಧ ಗಂಟೆಯ ಆಸುಪಾಸು. ಹತ್ತು ಗಂಟೆಯೊಳಗೆ ಮುಗಿಸಿ, ಬಿಸಿ ಕಾಫಿ ಕುಡಿದು, ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ದರ್ಜೆ ಏರಿದಂತೆ ಸಮಯ ನಲವತ್ತು ನಿಮಿಷವಾಗುತ್ತದೆ, ತುದಿಯಲ್ಲಿ ಒಂದು ಗಂಟೆ. ರೇಸು ಮಧ್ಯಾಹ್ನಕ್ಕೆ ಜಾರುತ್ತದೆ. ಅಷ್ಟು ಹೊತ್ತಿಗೆ ಮೈದಾನ ಬೆಳಗಿನ ಮೈದಾನವಾಗಿ ಉಳಿದಿರುವುದಿಲ್ಲ. ಬೆಳಿಗ್ಗೆ ಹಿಮಗಟ್ಟಿ ಕಲ್ಲಿನಂತಿದ್ದ ನೆಲ ಬಿಸಿಲಿಗೆ ಕರಗಿ ರಾಡಿಯಾಗಿರುತ್ತದೆ. ನೂರಾರು ಟಯರುಗಳು ತಿರುವುಗಳನ್ನು ಉತ್ತುಹಾಕಿರುತ್ತವೆ. ಅಮೆರಿಕದ ಪಶ್ಚಿಮ ತೀರದ ಪೋರ್ಟ್‌ಲ್ಯಾಂಡಿನ ಕ್ರಾಸ್ ಕ್ರುಸೇಡ್ ಸರಣಿಯಲ್ಲಿ ಒಂದೇ ದಿನ ಸಾವಿರಕ್ಕೂ ಹೆಚ್ಚು ಸವಾರರು ಸೇರಿದ್ದುಂಟು. ಅವರೆಲ್ಲ ತುಳಿದು ಬಿಟ್ಟುಹೋದ ನೆಲದ ಮೇಲೆ ಕೊನೆಯ ರೇಸಿನವರು ದಾರಿ ಹುಡುಕಬೇಕು. ಸೈಕಲ್ಲಿಗೆ ಅಂಟಿದ ಕೆಸರೇ ಕಿಲೋಗಟ್ಟಲೆ ತೂಗುತ್ತದೆ. ಎರಡನೇ ಸೈಕಲ್ಲು ಬೇಕಾಗುತ್ತದೆ, ಸೈಕಲ್ ಬದಲಿಸುವ ಜಾಗವಾದ ಪಿಟ್‌ನಲ್ಲಿ ನಿಂತು, ಕೆಸರಾದದ್ದನ್ನು ತೊಳೆದು ಕೊಡಲು ಒಬ್ಬ ಗೆಳೆಯನೂ ಬೇಕಾಗುತ್ತದೆ.

ಇದೆಲ್ಲ ಸಹಿಸಬಹುದು. ಸಹಿಸಲು ಕಷ್ಟವಾಗುವುದು ಸಾಲು.

ಸೈಕ್ಲೋಕ್ರಾಸಿನಲ್ಲಿ ಯಾರು ಎಲ್ಲಿ ನಿಲ್ಲಬೇಕೆನ್ನುವುದು ಮೊದಲೇ ಗೊತ್ತಾಗಿರುತ್ತದೆ. ಹೆಸರು ಕರೆದಂತೆ ಒಬ್ಬೊಬ್ಬರೇ ಮುಂದೆ ಬಂದು ಸಾಲಿಗೆ ಎಂಟರಂತೆ ನಿಲ್ಲುತ್ತಾರೆ. ಹಿಂದಿನ ರೇಸುಗಳಲ್ಲಿ ಮಿಂಚಿದವರು ಮೊದಲ ಸಾಲಿಗೆ, ಹೊಸದಾಗಿ ಬಡ್ತಿ ಪಡೆದು ಬಂದವನು ಕೊನೆಗೆ. ಶಿಳ್ಳೆ ಬಿದ್ದಾಗ ಮುಂದಿನವರು ಹೊರಟೇಬಿಡುತ್ತಾರೆ. ಹಿಂದಿನವನ ಮುಂದೆ ಇನ್ನೂ ಬೆನ್ನುಗಳ ಗೋಡೆ. ಆರಂಭದ ನೇರ ದಾರಿ ಅಗಲವಾಗಿರುತ್ತದೆ, ಮುಂದೆ ಅದು ಮೂರು ಮೀಟರಿಗೆ ಇಳಿಯುವುದುಂಟು. ಮೊದಲ ತಿರುವಿನಲ್ಲಿ ಎಲ್ಲರೂ ಅಲ್ಲಿಗೇ ನುಗ್ಗಿದಾಗ ಮುಂದಿದ್ದವನು ಹಾದುಹೋಗುತ್ತಾನೆ, ನಡುವಿನವನು ಬ್ರೇಕು ಹಿಡಿಯುತ್ತಾನೆ, ಕೊನೆಯವನು ಕಾಲು ನೆಲಕ್ಕೂರಿ ನಿಲ್ಲುತ್ತಾನೆ. ತುಳಿಯುವ ಶಕ್ತಿ ಇಬ್ಬರದೂ ಒಂದೇ ಇದ್ದರೂ ಅರ್ಧ ನಿಮಿಷ ಅಲ್ಲೇ ಹೋಯಿತು. ನಾಲ್ಕನೇ ದರ್ಜೆಯಲ್ಲಿ ಮೊದಲ ಸಾಲಿನಲ್ಲಿ ನಿಂತು, ಯಾರ ಬೆನ್ನನ್ನೂ ನೋಡದೆ ರೇಸು ಮುಗಿಸಿ ಅಭ್ಯಾಸವಾದವನಿಗೆ ಈ ಅರ್ಧ ನಿಮಿಷ ಎದೆಯ ಮೇಲೆ ಕಲ್ಲಿಟ್ಟಂತೆ.

ಇನ್ನೂ ಮೇಲೆ ಹೋದರೆ ಇನ್ನೊಂದು ನಿಯಮ ಕಾದಿದೆ. ಅಂತರರಾಷ್ಟ್ರೀಯ ಮಾನ್ಯತೆಯ ರೇಸುಗಳಲ್ಲಿ ಮುಂದಾಳು ಮೊದಲ ಸುತ್ತಿಗೆ ತೆಗೆದುಕೊಂಡ ಸಮಯದ ಶೇಕಡಾ 80ರಷ್ಟು ಹಿಂದೆ ಬಿದ್ದವರನ್ನು ಅಧಿಕಾರಿಗಳು ತಡೆದು ಹೊರಗೆ ಕಳಿಸುತ್ತಾರೆ. ಮುಂದಾಳಿನ ಮೊದಲ ಸುತ್ತು ಏಳು ನಿಮಿಷವಾಗಿದ್ದರೆ, ಐದು ನಿಮಿಷ ಮೂವತ್ತಾರು ಸೆಕೆಂಡು ಹಿಂದೆ ಬಿದ್ದವನ ದಿನ ಅಲ್ಲಿಗೆ ಮುಗಿಯಿತು. ಮೈಯಲ್ಲಿ ಇನ್ನೂ ಕಸುವಿರುತ್ತದೆ. ಆದರೂ ಇಳಿಯಬೇಕು.

ಹೀಗೆ ಹೊರಗೆ ಕಳಿಸಿಕೊಳ್ಳಲೆಂದೇ ಸಮುದ್ರ ದಾಟಿ ಹೋದ ಹುಡುಗರಿದ್ದಾರೆ. ಮೊಂಟಾನಾ ರಾಜ್ಯದ ಹೆಲೆನಾ ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಜೆಫ್ ಪ್ರಾಕ್ಟರ್ ಎಂಬ ಮೇಷ್ಟ್ರು ಡಿಸೆಂಬರಿನ ರಜೆ ಬಂತೆಂದರೆ ಅಮೆರಿಕದ ಎಳೆಯ ಸವಾರರನ್ನು ಕಟ್ಟಿಕೊಂಡು ಬೆಲ್ಜಿಯಂಗೆ ಹೊರಡುತ್ತಿದ್ದರು. ಯೂರೋಕ್ರಾಸ್‌ಕ್ಯಾಂಪ್ ಎಂದು ಆ ಶಿಬಿರದ ಹೆಸರು. ಹೋದವರೆಲ್ಲ ತಮ್ಮ ತಮ್ಮ ರಾಜ್ಯದಲ್ಲಿ ಮೊದಲ ಸಾಲಿನವರು. ಬೆಲ್ಜಿಯಂನ ಫ್ಲಾಂಡರ್ಸ್‌ಗೆ ಕಾಲಿಟ್ಟ ಕೂಡಲೇ ಕೊನೆಯ ಸಾಲು.

ಅದೂ ಎಂಥ ಹೊತ್ತಿನಲ್ಲಿ! ಕ್ರಿಸ್‌ಮಸ್‌ನಿಂದ ಹೊಸ ವರ್ಷದ ತನಕ ಅಲ್ಲಿ ರೇಸುಗಳ ಸರಮಾಲೆ. ಆ ವರ್ಷಗಳಲ್ಲಿ ಡಿಸೆಂಬರ್ 26ಕ್ಕೆ ಕಾರು ರೇಸಿನ ಅಂಗಳವಾದ ಜೋಲ್ಡರ್, ಆಮೇಲೆ ಲೂನ್‌ಹೌಟ್, ದೀಪದ ಬೆಳಕಿನಲ್ಲಿ ರಾತ್ರಿ ನಡೆಯುವ ಡೀಗೆಮ್, ಜನವರಿ 1ಕ್ಕೆ ಸ್ವೆನ್ ನೈಸ್ ಅವರ ಸ್ವಂತ ಊರು ಬಾಲ್. ನಮ್ಮಲ್ಲಿ ಜಾತ್ರೆಗೆ ಬಂದ ಹಾಗೆ ಅಜ್ಜ, ಅಜ್ಜಿ, ಮಗು ಎಲ್ಲರೂ ಬೂಟು ಹಾಕಿಕೊಂಡು ಕೆಸರಿನಲ್ಲಿ ನಿಲ್ಲುತ್ತಾರೆ, ಕೈಯಲ್ಲಿ ಕರಿದ ಆಲೂಗಡ್ಡೆಯ ಪೊಟ್ಟಣ. ದುಡ್ಡು ಕೊಟ್ಟು ಟಿಕೆಟ್ ತೆಗೆದು ಬಂದ ಆ ಜನ ಅಮೆರಿಕದ ಹುಡುಗನ ಹೆಸರನ್ನೂ ಕೇಳಿದವರಲ್ಲ. ಅವನು ಬಿದ್ದೆದ್ದು, ನಡುವೆಯೇ ಹೊರಗೆ ಕಳಿಸಿಕೊಂಡು, ಎರಡು ದಿನ ಬಿಟ್ಟು ಮತ್ತೆ ಅದೇ ಕೊನೆಯ ಸಾಲಿಗೆ ಹೋಗಿ ನಿಲ್ಲುತ್ತಿದ್ದ. ಶಾಲೆಗೆ ರಜೆ ಸಿಕ್ಕಾಗ ಮನೆಯಲ್ಲಿ ಬೆಂಕಿ ಕಾಯಿಸಿಕೊಂಡು ಕೂರಬಹುದಾಗಿದ್ದ ಒಬ್ಬ ಮೇಷ್ಟ್ರು ವರ್ಷ ವರ್ಷವೂ ಈ ಮಕ್ಕಳನ್ನು ಸೋಲಿನ ಪಾಠಕ್ಕೆ ಕರೆದೊಯ್ದದ್ದು ಈ ಆಟದಲ್ಲಿ ನಡೆದ ದೊಡ್ಡ ಕೆಲಸಗಳಲ್ಲಿ ಒಂದು.

ಜೊನಾಥನ್ ಪೇಜ್ ಶಿಬಿರಕ್ಕೆಂದು ಹೋದವರಲ್ಲ, ಮನೆ ಮಾಡಲೆಂದೇ ಬೆಲ್ಜಿಯಂಗೆ ಹೋದವರು. 2002, 2003, 2004, ಸಾಲಾಗಿ ಮೂರು ಬಾರಿ ಅಮೆರಿಕದ ಚಾಂಪಿಯನ್ ಆದವರು. ಊರಲ್ಲೇ ಇದ್ದಿದ್ದರೆ ವಾರ ವಾರವೂ ಗೆದ್ದು ಕೈಬೀಸಬಹುದಿತ್ತು. ಅವರು ಸಂಸಾರ ಸಮೇತ ಬೆಲ್ಜಿಯಂ ಸೇರಿ, ಹತ್ತನೆಯವರಾಗಿಯೋ ಇಪ್ಪತ್ತನೆಯವರಾಗಿಯೋ ಮುಗಿಸುವ ಬದುಕನ್ನು ಆರಿಸಿಕೊಂಡರು. 2007ರ ಜನವರಿ, ಬೆಲ್ಜಿಯಂನ ಹೂಗ್ಲೇಡೆ-ಗಿಟ್ಸ್. ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಬೆಲ್ಜಿಯಂನ ಎರ್ವಿನ್ ಫೆರ್ವೆಕೆನ್ ಚಿನ್ನ ಗೆದ್ದರು. ಅವರ ಹಿಂದೆಯೇ ಗೆರೆ ದಾಟಿದವರು ಪೇಜ್. ಎಲೀಟ್ ಪುರುಷರಲ್ಲಿ ಅಮೆರಿಕಕ್ಕೆ ಅದು ಮೊದಲ ಪದಕ. ಅದೇ ವಾರಾಂತ್ಯ ಮಹಿಳೆಯರಲ್ಲಿ ಕೇಟೀ ಕಾಂಪ್ಟನ್‌ಗೆ ಬೆಳ್ಳಿ, ಜೂನಿಯರ್ ಹುಡುಗರಲ್ಲಿ ಡ್ಯಾನಿ ಸಮ್ಮರ್‌ಹಿಲ್‌ಗೆ ಬೆಳ್ಳಿ. ಒಂದು ಚಿನ್ನವೂ ಇಲ್ಲ, ಮೂರು ಬೆಳ್ಳಿ.

ಆರು ವರ್ಷ ಕಳೆದು, 2013ರಲ್ಲಿ, ವಿಶ್ವ ಚಾಂಪಿಯನ್‌ಶಿಪ್ ಮೊದಲ ಬಾರಿಗೆ ಯೂರೋಪು ಬಿಟ್ಟು ಕೆಂಟಕಿಯ ಲೂಯಿವಿಲ್‌ಗೆ ಬಂತು. ಒಹಾಯೋ ನದಿ ಉಕ್ಕುವ ಸೂಚನೆ ಕಂಡು ಎರಡು ದಿನದ ರೇಸುಗಳನ್ನು ಒಂದೇ ದಿನಕ್ಕೆ ಇಳಿಸಿ ಮುಗಿಸಿದರು. ಎಲೀಟ್ ಪುರುಷರಲ್ಲಿ ಗೆದ್ದವರು ಸ್ವೆನ್ ನೈಸ್. ಹಗ್ಗದ ಆಚೆ ನಿಂತು ಗಂಟಲು ಬಿರಿಯುವಂತೆ ಕೂಗಿದವರಲ್ಲಿ ಅಮೆರಿಕದ ಹವ್ಯಾಸಿ ಸವಾರರ ದೊಡ್ಡ ಪಾಲಿತ್ತು. ನಾಲ್ಕನೇ ದರ್ಜೆಯವರು, ಐದನೇ ದರ್ಜೆಯವರು.

ಅಂಥವರಲ್ಲಿ ಒಬ್ಬ ಮ್ಯಾಸಚೂಸೆಟ್ಸಿನ ಗ್ಲಾಸ್ಟರಿನಲ್ಲೋ ಪೋರ್ಟ್‌ಲ್ಯಾಂಡಿನಲ್ಲೋ ವಾರದ ದಿನ ರಾತ್ರಿ ಊಟ ಮುಗಿಸಿ, ಕೊನೆಗೂ ಬಡ್ತಿಯ ಅರ್ಜಿ ಕಳಿಸುತ್ತಾನೆ. ಒಪ್ಪಿಗೆಯೂ ಬರುತ್ತದೆ. ಮುಂದಿನ ಭಾನುವಾರ ಅವನ ರೇಸು ಮಧ್ಯಾಹ್ನ. ನಂಬರು ಚೀಟಿಗೆ ಪಿನ್ನು ಚುಚ್ಚಿಕೊಳ್ಳುವಾಗ, ಬೆಳಗಿನ ರೇಸಿನ ಗೆಳೆಯರು ಸೈಕಲ್ ತೊಳೆದು ಕಾರಿಗೆ ಕಟ್ಟುತ್ತಿದ್ದಾರೆ. ಹೆಸರು ಕರೆಯುತ್ತಾ ಹೋಗುತ್ತಾರೆ, ಅವನದು ಬರುವುದೇ ಇಲ್ಲ. ಕಡೆಗೆ "ಉಳಿದವರೆಲ್ಲ ಬನ್ನಿ" ಎನ್ನುತ್ತಾರೆ. ಶಿಳ್ಳೆ. ಮೊದಲ ತಿರುವಿನಲ್ಲಿ ಕಾಲೂರಿ ನಿಲ್ಲುತ್ತಾನೆ. ಇಪ್ಪತ್ತು ನಿಮಿಷದ ಹೊತ್ತಿಗೆ ಅವನ ಹಿಂದೆ ಇಬ್ಬರೇ ಉಳಿದಿದ್ದಾರೆ. ದಿಬ್ಬದ ಬುಡದಲ್ಲಿ ಇಳಿದು, ರಾಡಿ ಮೆತ್ತಿದ ಸೈಕಲ್ಲನ್ನು ಹೆಗಲಿಗೇರಿಸುವಾಗ ಹಗ್ಗದ ಆಚೆಯಿಂದ ಅದೇ ಪರಿಚಿತ ದನಿ, ಅದೇ ಕೊರಳಗಂಟೆ:

"ಮುಂದಿನವನು ಹತ್ತೇ ಸೆಕೆಂಡು ದೂರ. ಓಡು!"